ರುಲ್ಲುಂಗಿನ ಮಾತು ಇಲ್ಲ ಎಂದು ಬರೆದವರಿಗೆ

ಗುಡ್ಡಗಾಡು ಭಾಷೆಗಳ ವರ್ಗೀಕರಣ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಊರಿನ ಮಾತು ಬೇರೆ ಮಾತಲ್ಲ ಎಂದು ನೀವು ಬರೆದಿದ್ದೀರಿ. ಒಂದೇ ಸಾಲು. "ರುಲ್ಲುಂಗ್ ಗ್ರಾಮದ ಆಡುನುಡಿಗೂ ದಿಬ್ಬದಾಚೆಯ ಉತ್ತರ ಕವಲಿನ ಭಾಷೆಗೂ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ." ಈ ಸಾಲನ್ನು ಕೈಯಲ್ಲಿ ಹಿಡಿದುಕೊಂಡು ದಿಬ್ಬದಾಚೆಯ ಊರಿನ ಮುಖ್ಯಸ್ಥರು ನ್ಯಾಯಾಲಯಕ್ಕೆ ಹೋಗಿದ್ದಾರೆ. ನಮ್ಮ ಮಾತು ಅವರ ಮಾತೇ ಆದರೆ ನಾವು ಅವರ ಜನ. ನಾವು ಅವರ ಜನವಾದರೆ ನಮ್ಮ ಗುಡ್ಡ ಅವರ ಗುಡ್ಡ. ಮಳೆ ನಿಂತ ಮೇಲೆ ತೀರ್ಪು. ಆ ಸಾಲನ್ನು ಹೊಡೆದುಹಾಕಿ ಎಂದು ಅರ್ಜಿ ಮೇಲೆ ಅರ್ಜಿ ಕೊಟ್ಟೆವು. ಸಾಲು ಹಾಗೇ ಉಳಿಯಿತು. ಅದಕ್ಕೆ ಈಗ ಎಲ್ಲರೂ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹತ್ತನೇ ತರಗತಿಯವರೆಗೆ ಓದಿದವನು. ಆಮೇಲೆ ಗಾರೆ ಕೆಲಸ ಮಾಡಿದೆ, ಗಡಿಯ ಸಂತೆಯಲ್ಲಿ ಕಂಬಳಿ ಮಾರಿದೆ, ಯಾವುದರಲ್ಲೂ ನಿಲ್ಲಲಿಲ್ಲ. ಈಗ ಕೆಳಗಿನ ಪೇಟೆಯಿಂದ ಗಡಿಯವರೆಗೆ ಬಾಡಿಗೆ ಜೀಪು ಓಡಿಸುತ್ತೇನೆ. ನಿಮ್ಮ ವರದಿಯನ್ನು ನಮ್ಮ ಚರ್ಚಿನ ಪಾದ್ರಿಗಳು ಬಿಡಿಸಿ ಹೇಳಿದರು. ಅರ್ಧ ಅವರಿಗೂ ಅರ್ಥವಾಗಲಿಲ್ಲ. ಅರ್ಥವಾದ ಅರ್ಧದಲ್ಲಿ ನಾವು ಇರಲಿಲ್ಲ.

ನಿಮ್ಮ ವಿದ್ಯೆ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಕೆಳಗಿನ ಬಯಲಿನವರು ನಮ್ಮನ್ನು ಕುಕಿ ಎಂದು ಕರೆದರು, ಬರ್ಮಾದ ಕಡೆಯವರು ಚಿನ್ ಎಂದು ಕರೆದರು. ಎರಡೂ ನಮ್ಮ ಅಜ್ಜಂದಿರು ಇಟ್ಟ ಹೆಸರಲ್ಲ. ಎರಡಕ್ಕೂ ನಡುವೆ ಒಂದು ಗೆರೆ ಎಳೆದು ನೀವು ನಮಗೆಲ್ಲ ಒಂದು ಮನೆ ಕಟ್ಟಿದಿರಿ. ಕುಕಿ-ಚಿನ್ ಭಾಷೆಗಳು. ಅದರೊಳಗೆ ಉತ್ತರದ ಕೋಣೆ, ನಡುವಿನ ಕೋಣೆ, ದಕ್ಷಿಣದ ಕೋಣೆ. ಹಳೆಯ ಕುಕಿ ಎಂದು ಒಂದು ಮೂಲೆ ಇತ್ತಂತೆ. ಆಮೇಲೆ ಬಂದ ಪಂಡಿತರು ಅದಕ್ಕೆ ವಾಯವ್ಯ ಎಂದು ಬಣ್ಣ ಬಳಿದರಂತೆ. ಯಾರು ಯಾವ ಕೋಣೆಯಲ್ಲಿ ಮಲಗಬೇಕು ಎಂದು ನಿಮ್ಮನಿಮ್ಮಲ್ಲೇ ಇನ್ನೂ ಜಗಳವಿದೆಯಂತೆ. ಜಗಳ ಆಡಿಕೊಳ್ಳಿ. ಆದರೆ ನೀವು ಕೋಣೆ ಬದಲಿಸಿದಾಗ ಇಲ್ಲಿ ಯಾರದೋ ಒಲೆ ಆರುತ್ತದೆ ಎಂದು ನಿಮಗೆ ಯಾರೂ ಹೇಳಲಿಲ್ಲವೇ?

ಹಾವಿಗೆ ನಾವು ರುಲ್ ಎನ್ನುತ್ತೇವೆ. ದಿಬ್ಬ ದಾಟಿದರೆ ಗುಲ್. ಮೂಳೆಗೆ ನಾವು ರು ಎಂದರೆ ಅವರು ಗು. ಕೋಳಿಗೆ ನಾವು ಆರ್ ಎನ್ನುತ್ತೇವೆ. ದಿಬ್ಬದಾಚೆ ಆ ಪದದ ಬಾಲ ಗಂಟಲಲ್ಲಿ ಅಡಗಿ ಆಹ್ ಆಗುತ್ತದೆ, ಗಡಿಯ ಹತ್ತಿರ ಹೋದರೆ ಅದೇ ಕೋಳಿ ಆಕ್. ಇದನ್ನು ಕಲಿಯಲು ಯಾರೂ ಶಾಲೆಗೆ ಹೋಗಬೇಕಿಲ್ಲ. ದಿಬ್ಬದಾಚೆಯವರು ತುಂಬಿದ ನನ್ನ ಜೀಪಿನಲ್ಲಿ ಒಂದು ಸಲ ಕೂತರೆ ಸಾಕು.

"ಏ ರುಲ್ ಊರಿನವ್ನೇ, ಮೆಲ್ಲಗೆ ಓಡ್ಸೋ. ನಿನ್ನ ಬಾಯಿಯ ರ್ರ್ರ್ ಸದ್ದಿಗೆ ಇಂಜಿನ್ ಸದ್ದೇ ಕೇಳ್ತಿಲ್ಲ!"

"ಗಂಟಲಲ್ಲಿ ಕಲ್ಲು ಸಿಕ್ಕಿಸ್ಕೊಂಡು ಹುಟ್ಟಿದೋರು ನೀವು. ಸುಮ್ನೆ ಕೂತ್ಕೊಳ್ಳಿ, ಇಲ್ಲಾಂದ್ರೆ ಇಲ್ಲೇ ಇಳಿಸ್ತೀನಿ."

"ಇಳ್ಸು ನೋಡಣ. ನಿಮ್ಮಕ್ಕನ ಗಂಡ ನಮ್ಮೂರೋನು, ನೆನಪಿರ್ಲಿ."

ಹೀಗೆ ಬೈದುಕೊಂಡು, ನಕ್ಕು, ಮದುವೆ ಮಾಡಿಕೊಂಡು ಬದುಕಿದವರು ನಾವು. ನಮ್ಮಲ್ಲಿ ವ್ಯತ್ಯಾಸ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು, ಅದರಿಂದ ಯಾರ ಗುಡ್ಡವೂ ಹೋಗಿರಲಿಲ್ಲ.

ನಿಮ್ಮ ಕಚೇರಿಯಿಂದ ಸಮೀಕ್ಷೆಗೆ ಬಂದ ಮೇಡಂ ನನ್ನ ಜೀಪಿನಲ್ಲೇ ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಲೆ ಸುತ್ತಿ ವಾಂತಿ ಮಾಡಿಕೊಂಡರೂ ಮತ್ತೆ ಎದ್ದು ಕೂತು ಪ್ರಶ್ನೆ ಕೇಳುತ್ತಿದ್ದರು. ನಮ್ಮ ರ ಮತ್ತು ದಿಬ್ಬದಾಚೆಯವರ ಗ ಸಂಗತಿಯನ್ನು ನಾನೇ ಎತ್ತಿದೆ. ಅವರ ಮುಖ ಅರಳಿತು.

"ಒಂದು ಕಾಲದಲ್ಲಿ ಇಲ್ಲಿ ಎಲ್ಲರೂ ರ ಅಂತಲೇ ಅಂತಿದ್ರು. ಆಮೇಲೆ ಒಂದು ಕವಲಿನವರ ಬಾಯಲ್ಲಿ ಪದದ ಮೊದಲಿನ ರ ಹಿಂದಕ್ಕೆ, ಗಂಟಲ ಕಡೆಗೆ ಸರೀತು. ಗ ಆಯ್ತು. ಒಂದು ಪದದಲ್ಲಲ್ಲ, ಹಾವು, ಮೂಳೆ, ಮಳೆ, ಬಿದಿರು, ಎಲ್ಲದರಲ್ಲೂ. ಅದಕ್ಕೇ ನಾವು ಅದನ್ನ ನಿಯಮ ಅಂತೀವಿ."

"ಹಾಗಾದ್ರೆ ದೊಡ್ಡೋರು ಯಾರು ಮೇಡಂ? ನಾವಾ ಅವರಾ?"

"ಯಾರೂ ಅಲ್ಲ. ಒಂದೇ ತಾಯಿ ಮಕ್ಕಳು. ಯಾರೂ ಯಾರ ಹೊಟ್ಟೇಲೂ ಹುಟ್ಟಿಲ್ಲ."

ಈ ಮಾತು ನನಗೆ ಬಹಳ ಇಷ್ಟವಾಯಿತು. ಸಿಕ್ಕಸಿಕ್ಕ ಪ್ರಯಾಣಿಕರಿಗೆಲ್ಲ ಹೇಳಿದೆ. ಅದೇ ಮೇಡಂ ಬರೆದ ವರದಿಯಲ್ಲಿ ನಾವು ದಿಬ್ಬದಾಚೆಯವರ ಹೊಟ್ಟೆಯಲ್ಲಿ ಹುಟ್ಟಿದ್ದು ಹೇಗೆ?

ಹೇಗೆಂದು ಹೇಳುತ್ತೇನೆ ಕೇಳಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮನೆಗೆ ಯಾರು ಬಂದರೂ ಅವರ ಮಾತಿನಲ್ಲಿ ಮಾತಾಡಬೇಕು. ಬೇರೆಯವರ ಮನೆಗೆ ನಾವು ಹೋದರೆ ಅಲ್ಲಿಯೂ ಅವರ ಮಾತೇ. ಸಣ್ಣ ಊರು ನಮ್ಮದು, ಸುತ್ತ ದೊಡ್ಡ ದೊಡ್ಡ ಜನ. ಹಾಗಾಗಿ ನಮ್ಮ ಮುದುಕಿಯರಿಗೂ ನಾಲ್ಕೈದು ಮಾತು ಬರುತ್ತದೆ. ಬಂದವನ ಎದುರು ನಮ್ಮ ಮಾತಾಡಿ ಅವನನ್ನು ಮಿಕಮಿಕ ನೋಡುವಂತೆ ಮಾಡುವುದು ನಮ್ಮಲ್ಲಿ ಬಾಗಿಲು ಮುಚ್ಚಿದಷ್ಟೇ ಅವಮಾನ. "ನಡೆದು ಬಂದವರ ಕಾಲು ದಣಿದಿರುತ್ತೆ, ನಾಲಿಗೆ ಯಾಕೆ ದಣಿಸ್ತೀಯ?" ಎಂದು ನನ್ನ ಅಜ್ಜಿ ನಮ್ಮನ್ನು ಗದರುತ್ತಿದ್ದಳು. ಅಜ್ಜಿಗೆ ನಾವು ಪೀ ಎನ್ನುತ್ತೇವೆ. ಪೀ ರೆಂಗ್‌ನೆಯ್. ನಿಮ್ಮ ವರದಿಯಲ್ಲಿ ಅವಳಿಗೆ ಹೆಸರಿಲ್ಲ, "ಮಾದರಿ ಭಾಷಿಕ, ಸ್ತ್ರೀ, ವಯೋವೃದ್ಧೆ" ಎಂದಿದೆ.

ಮಾದರಿ ಭಾಷಿಕ ಯಾರಾಗಬೇಕು ಎಂದು ನಿಮ್ಮ ನಿಯಮವಿದೆಯಲ್ಲ. ವಯಸ್ಸಾಗಿರಬೇಕು, ಶಾಲೆಗೆ ಹೋಗಿರಬಾರದು, ಊರು ಬಿಟ್ಟು ಹೊರಗೆ ಬಾಳಿರಬಾರದು. ಊರ ಹಿರಿಯರಲ್ಲಿ ಕೆಲವರು ಸೈನ್ಯದಲ್ಲಿದ್ದು ಬಂದವರು, ಕೆಲವರು ಹೊರ ಊರಿಂದ ಮದುವೆಯಾಗಿ ಬಂದವರು. ಸೋಸಿ ಸೋಸಿ ಉಳಿದವಳು ನನ್ನ ಪೀ ಒಬ್ಬಳೇ. ಮೇಡಂ ಜೊತೆ ದುಭಾಷಿಯಾಗಿ ಬಂದವನು ದಿಬ್ಬದಾಚೆಯ ಲುನ್‌ಮಾಂಗ್. ಒಳ್ಳೆಯ ಹುಡುಗ, ಕಾಲೇಜು ಓದಿದವನು. ಮೇಡಂ ಹಿಂದಿಯಲ್ಲಿ ಕೇಳುತ್ತಿದ್ದರು, ಅವನು ತನ್ನ ಮಾತಿನಲ್ಲಿ ಪೀಗೆ ಹೇಳುತ್ತಿದ್ದ. ಪೀ ಏನು ಮಾಡಬೇಕು? ದಿಬ್ಬದಾಚೆಯ ಹುಡುಗ ಮನೆಗೆ ಬಂದಿದ್ದಾನೆ, ಒಲೆಯ ಪಕ್ಕ ಕೂತಿದ್ದಾನೆ, ಅವಳ ಕೈಯ ಕೆಂಪು ಚಹಾ ಕುಡಿಯುತ್ತಿದ್ದಾನೆ. ಅವನ ಮಾತಿನಲ್ಲೇ ಉತ್ತರ ಕೊಟ್ಟಳು. ಹಾವಿಗೆ ಗುಲ್ ಎಂದಳು. ಮೂಳೆಗೆ ಗು ಎಂದಳು. ಮೇಡಂ ಬರೆದುಕೊಂಡರು. ಯಂತ್ರವೂ ಕೇಳಿಸಿಕೊಂಡಿತು.

ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಪೀಗೆ ಆಚೆಯ ಮಾತು ಎಷ್ಟು ಬರುತ್ತದೆ ಎಂದು ಸರ್ಕಾರ ಪರೀಕ್ಷೆ ಮಾಡುತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು.

"ಪೀ, ನಿಧಾನ. ತಪ್ಪಿದ್ರೆ ಊರ ಮರ್ಯಾದೆ ಹೋಗುತ್ತೆ."

"ನೀ ಸುಮ್ನಿರೆ. ನಾನು ಅವರ ಸಂತೇಲಿ ಮೆಣಸಿನಕಾಯಿ ಮಾರ್ತಿದ್ದಾಗ ನಿನ್ನವ್ವನೇ ಹುಟ್ಟಿರ್ಲಿಲ್ಲ."

"ಕೋಳಿಗೆ ಏನಂತಾರೆ ಕೇಳ್ತಿದಾನೆ, ಪೀ! ಬಾಲ ನುಂಗ್ಬೇಕು, ಮರೀಬೇಡ!"

ಪೀ ಬಾಲ ನುಂಗಿದಳು. ಒಂದೂ ತಪ್ಪಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಬೇಯಿಸಿ ಮೇಡಂಗೆ ಬಡಿಸಿದರು. ನಮ್ಮ ಊರು ಇಲ್ಲವಾದ ದಿನ ನಾವು ಹಬ್ಬದೂಟ ಮಾಡಿದೆವು ಮಾನ್ಯರೇ.

ಲುನ್‌ಮಾಂಗ್‌ಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಆಮೇಲೆ ಪೇಟೆಯಲ್ಲಿ ಅವನನ್ನು ಹಿಡಿದು ಕೇಳಿದೆ.

"ನಾನು ಹೇಳ್ದೆ ಕಣೋ. ಪೀ, ನಿಮ್ಮ ಮಾತಲ್ಲೇ ಹೇಳಿ ಅಂದೆ. ನಕ್ಕುಬಿಟ್ರು. ನಿನ್ನ ಮಾತು ನನಗೆ ಬರುತ್ತಪ್ಪ, ನೀನ್ಯಾಕೆ ಕಷ್ಟಪಡ್ತೀಯ ಅಂದ್ರು. ಇನ್ನೊಂದು ಸಲ ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅನ್ನಿಸ್ತು. ಅಜ್ಜಿ ಮನೇಲಿ ಕೂತು ಅಜ್ಜಿಗೆ ಪಾಠ ಹೇಳೋಕಾಗುತ್ತಾ?"

"ಮೇಡಂಗಾದ್ರೂ ಹೇಳ್ಬಹುದಿತ್ತಲ್ಲ."

"ಹೇಳ್ಬಹುದಿತ್ತು. ಮಳೆ ಬರೋ ಹಾಗಿತ್ತು."

"ಈಗ ಕೋರ್ಟಲ್ಲಿ ಬಂದು ಹೇಳ್ತೀಯಾ?"

ಅವನು ನೆಲ ನೋಡಿದ. "ಮುಖ್ಯಸ್ಥರು ನನ್ನ ದೊಡ್ಡಪ್ಪ ಅಂತ ಗೊತ್ತಲ್ವಾ ನಿನಗೆ."

ಗೊತ್ತಿತ್ತು. ಆದರೂ ಕೇಳಿದ್ದೆ.

ಈಗ ನಿಮ್ಮ ತರ್ಕಕ್ಕೆ ಬರೋಣ. ಊರಿನ ಮಕ್ಕಳು, ಹರೆಯದವರು ಎಲ್ಲರೂ ರುಲ್ ಎನ್ನುವುದು ಮೇಡಂ ಕಿವಿಗೂ ಬಿದ್ದಿತ್ತು. ನಾನೇ ಜೀಪಿನಲ್ಲಿ ಹೇಳಿದ್ದೆ. ಅದಕ್ಕೆ ವರದಿ ಏನೆನ್ನುತ್ತದೆ? "ಯುವಜನರಲ್ಲಿ ಕೇಳಿಬರುವ ರ-ಧ್ವನಿಯು ಮಿಜೋ ಭಾಷೆಯ ಚರ್ಚುಗೀತೆಗಳ ಹಾಗೂ ಪೇಟೆಯ ಸಂಪರ್ಕದ ಪ್ರಭಾವವಾಗಿದ್ದು, ವೃದ್ಧ ಭಾಷಿಕರಲ್ಲಿ ಮೂಲ ರೂಪ ಉಳಿದಿದೆ." ಆಹಾ! ಅಜ್ಜಿ ಹೇಳಿದ್ದು ಹಳೆಯದು, ಮೊಮ್ಮಗ ಹೇಳಿದ್ದು ಹೊಸದು. ಹೊಸದು ಎಂದರೆ ಎರವಲು. ನೋಡಲು ಎಷ್ಟು ಚೆಂದದ ಲೆಕ್ಕ. ಅಜ್ಜಿ ಅತಿಥಿ ಸತ್ಕಾರ ಮಾಡುತ್ತಿದ್ದಳು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ನಾವು ನಮ್ಮ ತಾಯಿಯ ಹಾಲಿನ ಜೊತೆ ಕುಡಿದ ರ-ವನ್ನು ಭಾನುವಾರದ ಹಾಡಿನಿಂದ ಕದ್ದೆವು ಎಂದು ಬರೆದಿರಿ. ಹಾಗಾದರೆ ರುಲ್ಲುಂಗ್ ಎಂದರೆ ಹಾವಿನ ಬಂಡೆ, ಊರಿನ ಆ ಹೆಸರನ್ನು ಯಾರಿಂದ ಎರವಲು ತಂದೆವು? ಚರ್ಚು ಬರುವ ಮೊದಲೇ ಆ ಬಂಡೆ ಅಲ್ಲಿತ್ತು, ನಾವು ಅದನ್ನು ಹಾಗೇ ಕರೆಯುತ್ತಿದ್ದೆವು. ಅದಕ್ಕೂ ನಿಮ್ಮ ಬಳಿ ಒಂದು ಅಡಿಟಿಪ್ಪಣಿ ಇದ್ದೇ ಇರುತ್ತದೆ.

ನಿಮ್ಮ ವರದಿ ಬಂದದ್ದು ನಮಗೆ ಗೊತ್ತೇ ಇರಲಿಲ್ಲ. ಮುಖ್ಯಸ್ಥರ ಮಗ ಹೇಳಿದಾಗಲೇ ಗೊತ್ತಾಯಿತು. ನಮ್ಮಲ್ಲಿ ಗುಡ್ಡ ಯಾರೊಬ್ಬರದೂ ಅಲ್ಲ. ಪ್ರತಿ ಚಳಿಗಾಲದಲ್ಲಿ ಹಿರಿಯರು ಕೂತು ಈ ಸಲ ಯಾವ ಇಳಿಜಾರು ಕಡಿದು ಸುಡಬೇಕು, ಯಾವ ಮನೆಯವರು ಎಲ್ಲಿ ಬಿತ್ತಬೇಕು ಎಂದು ಹಂಚುತ್ತಾರೆ. ದಿಬ್ಬದಾಚೆ ಹಾಗಲ್ಲ. ಅಲ್ಲಿ ಗುಡ್ಡ ಮುಖ್ಯಸ್ಥರದು, ಉಳಿದವರು ಅವರ ಮಾತಿನ ಮೇಲೆ ಬಿತ್ತುವವರು. ಬೇಟೆಯಾಡಿದರೆ ಪ್ರಾಣಿಯ ತೊಡೆ ಅವರ ಮನೆಗೆ ಒಪ್ಪಿಸಬೇಕು. ಅದು ಅವರ ಪದ್ಧತಿ, ಅವರಿಗೆ ಒಗ್ಗಿದೆ, ಅದನ್ನು ಹಳಿಯಲು ನಾನು ಕೂತಿಲ್ಲ. ಆದರೆ ಗಡಿಯ ಹೆದ್ದಾರಿ ಅಗಲ ಮಾಡಲು ಜಲ್ಲಿ ಬೇಕಾಗಿದೆ. ಒಳ್ಳೆಯ ಕಲ್ಲು ಇರುವುದು ನಮ್ಮ ಬಂಡೆಯಲ್ಲಿ. ನಮ್ಮ ಹಿರಿಯರು ಗುತ್ತಿಗೆದಾರನನ್ನು ವಾಪಸು ಕಳಿಸಿದರು. ಅವನು ದಿಬ್ಬದಾಚೆ ಹೋದ.

ಮುಖ್ಯಸ್ಥರ ಮಗ ನಮ್ಮ ಮನೆಗೆ ಬಂದಾಗ ಅಮ್ಮ ಬಿದಿರು ಸೀಳುತ್ತಿದ್ದಳು. ಎದ್ದು ಬೆತ್ತದ ಪೀಠ ಹಾಕಿದಳು, ಚಹಾಕ್ಕೆ ನೀರಿಟ್ಟಳು, ಎಲ್ಲ ಅವನ ಮಾತಿನಲ್ಲೇ ವಿಚಾರಿಸಿದಳು.

"ಅಕ್ಕಾ, ನೀವು ಗಾಬರಿ ಆಗ್ಬೇಡಿ. ಮನೆ ಬಿಡಿ ಅಂತ ಯಾರೂ ಹೇಳಲ್ಲ. ಬಂಡೆ ಹತ್ರ ಇರೋ ಮನೆಗಳು ಮಾತ್ರ ಸ್ವಲ್ಪ ಕೆಳಗೆ ಸರೀಬೇಕಾಗುತ್ತೆ. ನಾವೆಲ್ಲ ಒಂದೇ ಅಲ್ವಾ? ಸರ್ಕಾರದೋರೇ ಬರೆದಿದ್ದಾರೆ."

"ಸರ್ಕಾರದೋರು ಏನು ಬರೆದ್ರಪ್ಪ?"

"ನಿಮ್ಮ ಮಾತೂ ನಮ್ಮ ಮಾತೂ ಒಂದೇ ಅಂತ. ಈಗ ನೋಡಿ, ನೀವು ಮಾತಾಡ್ತಿರೋದು ಯಾವುದು? ನಮ್ದೇ ತಾನೆ?"

ಅಮ್ಮನ ಕೈಯಲ್ಲಿ ಚಹಾದ ಲೋಟ ಇತ್ತು. ಏನು ಹೇಳಬೇಕು ಅವಳು? ನೀನು ನನ್ನ ಮನೆಗೆ ಬಂದಿದ್ದೀಯ, ಅದಕ್ಕೆ ಎಂದು ಹೇಳಬೇಕೆ? ಹಾಗೆ ಹೇಳುವುದೂ ನಮ್ಮಲ್ಲಿ ಒರಟುತನ. ಮಾಡಿದ ಉಪಚಾರವನ್ನು ಎತ್ತಿ ತೋರಿಸಿದ ಹಾಗೆ. ಅವಳು ಲೋಟ ಅವನ ಕೈಗೆ ಕೊಟ್ಟು ಮತ್ತೆ ಬಿದಿರಿನ ಮುಂದೆ ಕೂತಳು.

ಆಮೇಲೆ ನಿಮಗೆ ಅರ್ಜಿ ಬರೆದೆವು. ನಿಮ್ಮ ಉತ್ತರ ಬಂತು, ಅದೊಂದೇ ಉತ್ತರ. ಆಕ್ಷೇಪಣೆ ಇದ್ದರೆ ಮಾದರಿ ಭಾಷಿಕರನ್ನು ಸ್ವಂತ ಹೊಣೆಯಲ್ಲಿ ಕಚೇರಿಗೆ ಕರೆತಂದು ಮರುಧ್ವನಿಮುದ್ರಣ ಮಾಡಿಸತಕ್ಕದ್ದು. ನಾನು ಮೊಬೈಲಿನಲ್ಲಿ ಹಿಡಿದಿದ್ದ ಊರಿನ ಮಾತುಕತೆಯನ್ನು ಕಳಿಸಿದ್ದೆ. ಜಗಳ, ಹಾಡು, ಹಂದಿ ಕರೆಯುವುದು, ಮಕ್ಕಳಿಗೆ ಬಯ್ಯುವುದು, ಎಲ್ಲ ಅದರಲ್ಲಿತ್ತು. "ಅರ್ಹ ವ್ಯಕ್ತಿಯಿಂದ ಸಂಗ್ರಹಿಸಿದ್ದಲ್ಲ" ಎಂದು ವಾಪಸು ಬಂತು. ಹೌದು, ನಾನು ಅರ್ಹನಲ್ಲ. ನಾನು ಆ ಮಾತನ್ನು ಬರೀ ಆಡುತ್ತೇನೆ.

ಪೀ ಆಗಲೇ ನಡೆಯುತ್ತಿರಲಿಲ್ಲ. ಸೌದೆ ಹೊರುವ ಬುಟ್ಟಿಯಲ್ಲಿ ಕಂಬಳಿ ಹಾಸಿ ಕೂರಿಸಿ, ಬುಟ್ಟಿಯ ಪಟ್ಟಿ ಹಣೆಗೆ ಕೊಟ್ಟು, ನಾವು ಹುಡುಗರು ಸರದಿಯ ಮೇಲೆ ಜೀಪಿನ ರಸ್ತೆಯವರೆಗೆ ಹೊತ್ತೆವು. ದಾರಿಯುದ್ದಕ್ಕೂ ಹೇಳಿಕೊಟ್ಟೆ.

"ಪೀ, ಅಲ್ಲಿ ಯಾರು ಏನು ಕೇಳಿದ್ರೂ ನಮ್ಮ ಮಾತಲ್ಲೇ ಹೇಳ್ಬೇಕು. ಗೊತ್ತಾಯ್ತಾ?"

"ಅವರಿಗೆ ಅರ್ಥ ಆಗುತ್ತಾ?"

"ಆಗಲ್ಲ. ಆಗೋದು ಬೇಡ."

"ಅರ್ಥ ಆಗ್ದೆ ಇರೋ ಹಾಗೆ ಮಾತಾಡೋಕೆ ಇಷ್ಟು ದೂರ ಹೊತ್ಕೊಂಡು ಹೋಗ್ತಿದೀರಾ ನನ್ನ? ಊರಲ್ಲಿ ಕೂತು ಕಾಗೆ ಹತ್ರ ಮಾತಾಡ್ತಿದ್ದೆನಲ್ಲ."

ಹೊತ್ತವರೆಲ್ಲ ನಕ್ಕೆವು. ಬುಟ್ಟಿ ಅಲುಗಿ ಅವಳು ಬೈದಳು.

ನಿಮ್ಮ ಕಚೇರಿಯ ಸಹಾಯಕರು ಒಳ್ಳೆಯವರು. ಬಯಲಿನವರು. ಪೀಯನ್ನು ಕಂಡ ಕೂಡಲೇ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು. ಫ್ಯಾನು ತಿರುಗಿಸಿದರು. ಹಾಲು ಹಾಕಿದ ಚಹಾ ತರಿಸಿದರು. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಅವರ ಕುರ್ಚಿ, ಅವರ ಚಹಾ, ಅವರ ಮನೆ. ಸಹಾಯಕರು ಯಂತ್ರ ಮುಂದಿಟ್ಟು ಬಯಲಿನ ಮಾತಿನಲ್ಲಿ ಕೇಳಿದರು, "ಅಜ್ಜೀ, ಹಾವಿಗೆ ನಿಮ್ಮಲ್ಲಿ ಏನಂತೀರಿ?" ಪೀ ಬಯಲಿನ ಮಾತಿನಲ್ಲೇ ಉತ್ತರ ಕೊಟ್ಟಳು. ಅದು ನಮ್ಮದೂ ಅಲ್ಲ, ದಿಬ್ಬದಾಚೆಯದೂ ಅಲ್ಲ, ಕುಕಿ-ಚಿನ್ ಮನೆಯ ಯಾವ ಕೋಣೆಯದೂ ಅಲ್ಲ.

"ಪೀ! ನಮ್ಮ ಮಾತಲ್ಲಿ!"

ಅವಳು ನನ್ನ ಕಡೆ ತಿರುಗಿ, ಅದೂ ಬಯಲಿನ ಮಾತಿನಲ್ಲೇ, ಮೆಲ್ಲಗೆ ಬೈದಳು. "ಕುರ್ಚಿ ಕೊಟ್ಟೋರ ಮುಂದೆ ಗುಟ್ಟು ಮಾತಾಡ್ತಾರೇನೋ? ಮಂಗ."

"ಪೀ, ನಮ್ಮ ಗುಡ್ಡ ಹೋಗುತ್ತೆ."

"ಗುಡ್ಡ ಎಲ್ಲಿಗೋ ಹೋಗುತ್ತೆ?"

ಸಹಾಯಕರು ಬೇಕಾದಷ್ಟು ತಾಳ್ಮೆ ತೋರಿಸಿದರು. ಪೀ ನಮ್ಮ ಪದ ಹೇಳಲು ಬಾಯಿ ತೆರೆಯುವಳು, ಅವರ ಮುಖ ನೋಡುವಳು, ನಾಚುವಳು, ಬಯಲಿನ ಪದ ಹೇಳುವಳು. ಅವರು ಹೊರಗೆ ಹೋಗಿ ನಿಂತರೆ ಸಾಕಿತ್ತು. ನಾನು ಕೈಮುಗಿದು ಕೇಳಿದೆ. ಧ್ವನಿಮುದ್ರಣದ ವೇಳೆ ಅಧಿಕಾರಿ ಕೊಠಡಿಯಲ್ಲೇ ಇರಬೇಕು ಎಂಬ ನಿಯಮವಿದೆ ಎಂದರು. ನಿಮ್ಮ ನಿಯಮ, ನಮ್ಮ ಮರ್ಯಾದೆ, ಎರಡೂ ಎದುರುಬದುರು ಕೂತು ಚಹಾ ಕುಡಿದವು. "ಭಾಷಿಕರು ಸದರಿ ಆಡುನುಡಿಯನ್ನು ಬಳಸುತ್ತಿಲ್ಲ" ಎಂದು ಅವರು ಬರೆದರು. ಸುಳ್ಳು ಬರೆಯಲಿಲ್ಲ. ಅವರ ಮುಂದೆ ಅವಳು ಬಳಸಲಿಲ್ಲ.

ನಮ್ಮ ಮಾತು ಕೇಳಬೇಕಾದರೆ ನೀವು ಅಲ್ಲಿ ಇರಬಾರದು ಮಾನ್ಯರೇ. ಇಷ್ಟು ಸಣ್ಣ ಸಂಗತಿ ಹಿಡಿಯುವ ಖಾನೆ ನಿಮ್ಮಲ್ಲಿ ಇಲ್ಲ.

ಪೀ ಅಲ್ಲಿಂದ ಬಂದ ಮೇಲೆ ಎದೆನೋವು ಎಂದು ಮಲಗಿದಳು. ಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ನೋಡಿಕೊಳ್ಳುತ್ತಿದ್ದ ನರ್ಸು ದೂರದ ರಾಜ್ಯದ ಹುಡುಗಿ, ಅವಳಿಗೆ ಹಿಂದಿ ಮಾತ್ರ ಬರುತ್ತಿತ್ತು. ಪೀಗೆ ಬರುತ್ತಿದ್ದ ಹಿಂದಿ ಎಂದರೆ ಸೈನಿಕರು ಊರಿಗೆ ಬಂದಾಗ ಕಲಿತ ನಾಲ್ಕು ಪದ. ಆ ನಾಲ್ಕೇ ಪದಗಳನ್ನು ತಿರುಗಿಸಿ ತಿರುಗಿಸಿ ಆ ಹುಡುಗಿಯ ಜೊತೆ ಮಾತಾಡುತ್ತಿದ್ದಳು. ನೋವು ಎಲ್ಲಿದೆ ಎಂದು ಹೇಳಲು ಅವಳಲ್ಲಿ ಹಿಂದಿ ಇರಲಿಲ್ಲ. ನಮ್ಮ ಮಾತಿನಲ್ಲಿ ಹೇಳಿದ್ದರೆ ನಾನು ಅನುವಾದ ಮಾಡುತ್ತಿದ್ದೆ. ಹುಡುಗಿ ಎದುರಿಗಿರುವಾಗ ಅವಳು ಹೇಳಲೇ ಇಲ್ಲ. ಹುಡುಗಿ ಆಚೆ ಹೋದ ಮೇಲೆ ಹೇಳಿದಳು, ನಮ್ಮ ಮಾತಿನಲ್ಲಿ, ಪೂರಾ ಸ್ಪಷ್ಟವಾಗಿ. "ಆ ಮಗು ಊಟ ಮಾಡಿದ್ಲಾ ಕೇಳೋ. ಬೆಳಿಗ್ಗೆಯಿಂದ ನಿಂತೇ ಇದಾಳೆ." ಅದೇ ಅವಳ ಕೊನೆಯ ಮಾತು. ಮರುದಿನ ಅವಳನ್ನು ಅದೇ ದಾರಿಯಲ್ಲಿ ಮೇಲೆ ತಂದೆವು.

ಈಗ ನಿಮ್ಮ ನಿಯಮದ ಪ್ರಕಾರ ನಮ್ಮ ಮಾತಿಗೆ ಮಾದರಿ ಭಾಷಿಕರು ಯಾರೂ ಇಲ್ಲ. ಊರು ತುಂಬ ಜನ ಬೆಳಿಗ್ಗೆ ಎದ್ದು ಅದೇ ಮಾತಿನಲ್ಲಿ ಹಲ್ಲುಜ್ಜು ಎಂದು ಮಕ್ಕಳಿಗೆ ಕೂಗುತ್ತಾರೆ, ಅದೇ ಮಾತಿನಲ್ಲಿ ಸಾಲ ಕೇಳುತ್ತಾರೆ, ಪ್ರಾರ್ಥನೆ ಮಾಡುತ್ತಾರೆ. ಅವರೆಲ್ಲ ಓದಿದವರು, ಊರು ಬಿಟ್ಟು ಬಂದವರು, ವಯಸ್ಸು ಸಾಲದವರು. ಆದ್ದರಿಂದ ಆ ಮಾತು ಸತ್ತಿದೆ. ಸತ್ತಿರುವುದನ್ನು ನಾವು ದಿನಾ ಆಡುತ್ತಿದ್ದೇವೆ.

ಪೀಯನ್ನು ಮಣ್ಣು ಮಾಡಿದ ಮೇಲೆ ಊರಿನವರು ಚರ್ಚಿನ ಅಂಗಳದಲ್ಲಿ ಸೇರಿದರು. ಸೈನ್ಯದಲ್ಲಿದ್ದು ಬಂದ ಹಿರಿಯ ಥಾಂಗ್‌ರಿಮ್ ಎದ್ದು ನಿಂತರು. ಅವರನ್ನು ನಾವೆಲ್ಲ ಪೂ, ಅಂದರೆ ಅಜ್ಜ ಎನ್ನುತ್ತೇವೆ.

"ಇನ್ಮೇಲೆ ಯಾರು ಬಂದ್ರೂ ನಮ್ಮ ಮಾತೇ. ಬಾಯಿಗೆ ಬರ್ಲಿ ಬಿಡ್ಲಿ. ತೀರ್ಪು ಬರೋ ತನಕ."

"ಪೂ, ದಿಬ್ಬದಾಚೆಯಿಂದ ನನ್ನ ತಂಗಿ ಗಂಡ ಬಂದ್ರೂ?" ಎಂದು ಒಬ್ಬಳು ಕೇಳಿದಳು.

"ಅವನು ಬಂದ್ರೂ."

"ಅವನು ಮನೆ ಅಳಿಯ. ಏನಂದ್ಕೋತಾನೆ?"

"ಅದೇ ಅಂದ್ಕೊಳ್ಲಿ. ಅಂದ್ಕೊಂಡು ಹೋಗಿ ಕೋರ್ಟಲ್ಲಿ ಹೇಳ್ಲಿ, ರುಲ್ಲುಂಗಿನೋರು ನನಗೆ ಅರ್ಥ ಆಗದ ಮಾತಾಡಿದ್ರು ಅಂತ."

ಯಾರೂ ನಗಲಿಲ್ಲ. ಒಂದಿಬ್ಬರು ಹೆಂಗಸರು ಅತ್ತರು. ಕೊನೆಗೆ ಎಲ್ಲರೂ ಕೈ ಎತ್ತಿದರು. ಹೀಗೆ ನಮ್ಮ ಊರು ತಾನು ತಾನೇ ಎಂದು ಸಾಬೀತು ಮಾಡಲು, ತಾನು ಯಾವತ್ತೂ ಮಾಡದಿದ್ದ ಕೆಲಸವನ್ನು ಮಾಡಲು ಒಪ್ಪಿತು. ನೀವು ಇಲ್ಲವೆಂದು ಬರೆದದ್ದು ನಮ್ಮ ಮಾತನ್ನು. ಈಗ ಇಲ್ಲವಾಗುತ್ತಿರುವುದು ಅದಲ್ಲ, ಅದನ್ನು ಯಾರ ಮುಂದೆ ಆಡಬಾರದು ಎಂದು ತಿಳಿದಿದ್ದ ನಯ. ಅದಕ್ಕೆ ನಿಮ್ಮ ವರದಿಯಲ್ಲಿ ಯಾವ ಕವಲು?

ಕಳೆದ ವಾರ ಮಧ್ಯಾಹ್ನ ಒಬ್ಬ ಮುದುಕ ದಿಬ್ಬ ಇಳಿದು ಬಂದ. ಕಳೆದುಹೋದ ಮಿಥುನ್ ಒಂದನ್ನು ಹುಡುಕುತ್ತಿದ್ದ, ಅದು ಕಾಡಿನಲ್ಲಿ ಬಿಟ್ಟು ಸಾಕುವ ದನ. ಬಿಸಿಲಿಗೆ ಬಾಯಿ ಒಣಗಿತ್ತು. ನಮ್ಮ ಅಂಗಳದಲ್ಲಿ ನಿಂತು, "ತಂಗೀ, ಇಲ್ಲೇನಾದ್ರೂ ಒಂದು ಬಿಳಿ ಕಾಲಿನ ಮಿಥುನ್ ಬಂತಾ? ಸ್ವಲ್ಪ ನೀರು ಕೊಡವ್ವ" ಎಂದ, ಅವನ ಮಾತಿನಲ್ಲಿ.

ಅಮ್ಮ ಎದ್ದಳು. ನಮ್ಮ ಮಾತಿನಲ್ಲಿ ಹೇಳಿದಳು, "ಬಂದಿಲ್ಲ ಅಣ್ಣ. ಕೂತ್ಕೊಳ್ಳಿ, ನೀರು ತರ್ತೀನಿ."

ಮುದುಕನಿಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಧ ಅರ್ಥವಾಗಿರಬೇಕು, ಒಂದೇ ತಾಯಿಯ ಮಾತುಗಳಲ್ಲವೇ. ಆದರೆ ರುಲ್ಲುಂಗಿನ ಮನೆಯ ಅಂಗಳದಲ್ಲಿ ಅವನಿಗೆ ಯಾರೂ ಯಾವತ್ತೂ ಹೀಗೆ ಮಾತಾಡಿರಲಿಲ್ಲ. ಅವನು ಅಮ್ಮನ ಮುಖ ನೋಡಿದ. ನನ್ನ ಮುಖ ನೋಡಿದ. ತಾನು ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತಿದ್ದ ಹಾಗೆ ಕಂಡಿತು. ಅಮ್ಮ ಒಳಗಿನಿಂದ ಸೋರೆಬುರುಡೆಯಲ್ಲಿ ನೀರು ತರುವಷ್ಟರಲ್ಲಿ ಅವನು ದಾರಿ ಹಿಡಿದಾಗಿತ್ತು. ಅಮ್ಮ ಓಡಿದಳು. ನಮ್ಮ ಮಾತಿನಲ್ಲೇ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ನೀರು ಕುಡಿಯದೆ ಹೋದ.

ಅಮ್ಮ ಅಂಗಳದಲ್ಲೇ ಕೂತಳು. ಸಂಜೆಯವರೆಗೆ ನನ್ನ ಜೊತೆ ಯಾವ ಮಾತಿನಲ್ಲೂ ಮಾತಾಡಲಿಲ್ಲ.

ಮಾನ್ಯರೇ, ನಾನು ಕೇಳುವುದು ಹೊಸ ಸಮೀಕ್ಷೆಯನ್ನಲ್ಲ. ನಮಗೆ ಯಾವ ಕೋಣೆಯೂ ಬೇಡ, ಉತ್ತರವೂ ಬೇಡ, ವಾಯವ್ಯವೂ ಬೇಡ. "ವ್ಯತ್ಯಾಸ ಕಂಡುಬಂದಿಲ್ಲ" ಎಂಬ ಸಾಲನ್ನು ಹೊಡೆದು ಅಲ್ಲಿ "ರುಲ್ಲುಂಗ್ ಗ್ರಾಮದ ಮಾತನ್ನು ಈ ಕಚೇರಿ ಕೇಳಿಲ್ಲ" ಎಂದು ಬರೆಯಿರಿ. ಅದು ನಿಜ. ಅದಕ್ಕೆ ಸಾಕ್ಷಿಯೂ ಬೇಡ, ಭಾಷಿಕರೂ ಬೇಡ, ನಿಮ್ಮ ಸಹಿ ಸಾಕು. ಮಳೆ ನಿಲ್ಲುವುದರೊಳಗೆ ಬರೆಯಿರಿ. ಬರೆದ ದಿನ ನಮ್ಮೂರಿಗೆ ಸುದ್ದಿ ಕಳಿಸಿ. ನನ್ನ ಅಮ್ಮ ದಿಬ್ಬ ಹತ್ತಿ ಆ ಮುದುಕನ ಮನೆ ಹುಡುಕಿಕೊಂಡು ಹೋಗಬೇಕಾಗಿದೆ. ಅವನ ಮಾತಿನಲ್ಲಿ ಅವನಿಗೆ ಹೇಳಬೇಕಾದದ್ದು ಇದೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಸತ್ತ ಮಾತನ್ನು ಇನ್ನೂ ಆಡುತ್ತಿರುವ,
ಅರ್ಹನಲ್ಲದ,
ರಿಂಗ್‌ಸೆಲ್
ಜೀಪು ಚಾಲಕ, ರುಲ್ಲುಂಗ್